ಓದುಗರ ಪ್ರಶ್ನೆ, ನಮ್ಮ ಉತ್ತರ: ದ್ವೀಪಗಳ ಒಕ್ಕೂಟದಲ್ಲಿ ಮುಂದಾಳು ಯಾರು, ಪಾಲುದಾರ ಯಾರು?

ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರಗಳ ಸ್ವಯಂಸೇವಾ ಸಂಸ್ಥೆಗಳೆಲ್ಲ ಸೇರಿ ಕಟ್ಟಿಕೊಂಡಿರುವ ‘ಪಿಯಾಂಗೊ’ ಎಂಬ ಒಕ್ಕೂಟದ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಕಿರುಪರಿಚಯ ಪ್ರಕಟವಾಗಿತ್ತು. ಅದನ್ನು ಓದಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಹಲವರು ಪತ್ರ ಬರೆದಿದ್ದಾರೆ. ಬಹುಪಾಲು ಪತ್ರಗಳು ಸ್ತ್ರೀಶಕ್ತಿ ಸಂಘ, ಬೆಳೆಗಾರರ ಸಂಘ, ಗ್ರಾಮಾಭಿವೃದ್ಧಿ ಸಂಸ್ಥೆಗಳಲ್ಲಿ ದುಡಿಯುತ್ತಿರುವವರವು. ಹೆಸರು ಪ್ರಕಟಿಸಬಾರದೆಂದು ಕೆಲವರು ಕೋರಿರುವುದರಿಂದ ಎಲ್ಲರನ್ನೂ ಊರಿನಿಂದಷ್ಟೇ ಗುರುತಿಸಲಾಗಿದೆ.

ಪ್ರಶ್ನೆ: ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಹಳ್ಳಿ ಸಂಘಗಳನ್ನು ಸೇರಿಸಿ ನಾವೊಂದು ಒಕ್ಕೂಟ ಕಟ್ಟುತ್ತಿದ್ದೇವೆ. ಪಿಯಾಂಗೊ ಹೇಗೆ ರಚನೆಯಾಗಿದೆ? ಕೇಂದ್ರ ಕಚೇರಿಯೇ ಎಲ್ಲವನ್ನೂ ನಡೆಸುತ್ತದೆಯೇ?
— ಒಕ್ಕೂಟವೊಂದರ ಕಾರ್ಯದರ್ಶಿ, ಸಕಲೇಶಪುರ

ಉತ್ತರ: ಪಿಯಾಂಗೊ ಸ್ಥಾಪನೆಯಾದದ್ದು 1991ರಲ್ಲಿ. ಕಚೇರಿ ಇರುವುದು ಫಿಜಿಯ ರಾಜಧಾನಿ ಸುವಾದಲ್ಲಿ. ಇದರ ರಚನೆಯಲ್ಲಿ ನೀವು ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಊರೂರಿನ ಸಂಘಗಳು ನೇರವಾಗಿ ಇದರ ಸದಸ್ಯರಲ್ಲ. ಪ್ರತಿಯೊಂದು ದೇಶದಲ್ಲೂ ಅಲ್ಲಿನ ಸಂಸ್ಥೆಗಳು ಸೇರಿ ಮಾಡಿಕೊಂಡ ಒಂದು ರಾಷ್ಟ್ರಮಟ್ಟದ ಮಂಡಳಿ ಇರುತ್ತದೆ, ಆ ಮಂಡಳಿಯೇ ಪಿಯಾಂಗೊದ ಸದಸ್ಯ. ಟೋಂಗಾ, ಸಮೋವಾ, ವನುವಾಟು, ಕಿರಿಬಾಟಿ, ಟುವಾಲು, ಸಾಲೊಮನ್ ದ್ವೀಪಗಳು ಹೀಗೆ ಇಪ್ಪತ್ತಕ್ಕೂ ಹೆಚ್ಚು ದೇಶ ಮತ್ತು ಆಡಳಿತ ಪ್ರದೇಶಗಳ ಮಂಡಳಿಗಳು ಅದರಲ್ಲಿವೆ. ಇವುಗಳಲ್ಲಿ ಕೆಲವು ಒಕ್ಕೂಟಕ್ಕಿಂತ ಎಷ್ಟೋ ಹಳೆಯವು. ಫಿಜಿಯ ಸಮಾಜ ಸೇವಾ ಮಂಡಳಿ 1957ರಷ್ಟು ಹಿಂದೆಯೇ ಆರಂಭವಾಗಿತ್ತು. ಮೊದಲು ಬಂದದ್ದು ಸದಸ್ಯರು, ಆಮೇಲೆ ಒಕ್ಕೂಟ, ಅದಕ್ಕೂ ಆಮೇಲೆ ಕಚೇರಿ. ಈ ಅನುಕ್ರಮ ನೆನಪಿನಲ್ಲಿದ್ದರೆ ಯಾರು ಯಾರ ಮಾತು ಕೇಳಬೇಕು ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ.

ಸುವಾದ ಕಚೇರಿಗೆ ಒಬ್ಬ ಕಾರ್ಯನಿರ್ವಾಹಕ ನಿರ್ದೇಶಕರಿರುತ್ತಾರೆ. ಅವರ ಮೇಲೆ ಸದಸ್ಯ ಮಂಡಳಿಗಳಿಂದ ಬಂದ ಆಡಳಿತ ಮಂಡಳಿಯೂ ಅದಕ್ಕೊಬ್ಬ ಅಧ್ಯಕ್ಷರೂ ಇರುತ್ತಾರೆ. ಹಲವು ವರ್ಷ ಫಿಜಿಯ ಎಮೆಲೆ ಡುಯಿಟುಟುರಾಗಾ ನಿರ್ದೇಶಕಿಯಾಗಿದ್ದರು. ಅವರ ತರುವಾಯ ಆ ಹೊಣೆ ಹೊತ್ತ ಎಮೆಲಿನ್ ಸಿಯಾಲೆ ಇಲೊಲಹಿಯಾ ಟೋಂಗಾದವರು, ಅದಕ್ಕೂ ಮೊದಲು ತಮ್ಮ ದೇಶದ ನಾಗರಿಕ ಸಂಘಟನೆಗಳ ವೇದಿಕೆಯನ್ನು ಮುನ್ನಡೆಸಿದವರು. ಕೇಂದ್ರ ಕಚೇರಿಯನ್ನು ನಡೆಸಲು ಬಂದವರು ಹಿಂದೆ ಸದಸ್ಯ ಸಂಸ್ಥೆಯೊಂದರ ಕಷ್ಟಸುಖ ಉಂಡವರಾಗಿದ್ದರೆ, ಸುವಾದಿಂದ ಹೋಗುವ ಒಂದು ಸುತ್ತೋಲೆ ನಾಲ್ಕೇ ಜನ ಸಿಬ್ಬಂದಿಯಿರುವ ಪುಟ್ಟ ಕಚೇರಿಯ ಮೇಲೆ ಎಷ್ಟು ಭಾರ ಹೇರುತ್ತದೆಂಬುದು ಅವರಿಗೆ ಹೇಳದೆಯೇ ತಿಳಿದಿರುತ್ತದೆ. ಒಕ್ಕೂಟದ ಸಂಯೋಜಕರನ್ನು ನೇಮಿಸುವಾಗ ಪದವಿ, ಕಂಪ್ಯೂಟರ್ ಜ್ಞಾನಗಳ ಜೊತೆಗೆ ಹಳ್ಳಿ ಸಂಘದಲ್ಲಿ ಲೆಕ್ಕ ಬರೆದ ಅನುಭವವನ್ನೂ ಕೇಳಿರೆಂಬುದು ನನ್ನ ಸಲಹೆ.

ಸದಸ್ಯರ ನಡುವಿನ ಅಂತರವೂ ಸಣ್ಣದಲ್ಲ. ಕಿರಿಬಾಟಿಯ 33 ದ್ವೀಪಗಳ ನೆಲವನ್ನೆಲ್ಲ ಕೂಡಿಸಿದರೆ ಸುಮಾರು 811 ಚದರ ಕಿಲೋಮೀಟರ್, ಅಂದರೆ ಹಾಸನ ಜಿಲ್ಲೆಯ ಎಂಟನೆಯ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಆ ನೆಲ ಸುಮಾರು 35 ಲಕ್ಷ ಚದರ ಕಿಲೋಮೀಟರ್ ಸಮುದ್ರದಲ್ಲಿ ಚದುರಿಕೊಂಡಿದೆ. ಟುವಾಲುವಿನಲ್ಲಿ ಇರುವುದೇ 26 ಚದರ ಕಿಲೋಮೀಟರ್ ನೆಲ, ಜನ ಹನ್ನೊಂದು ಸಾವಿರದ ಆಸುಪಾಸು. ಇಂಥ ಸದಸ್ಯರನ್ನೂ ಒಂದು ಕೋಟಿಗೆ ಸಮೀಪ ಅಥವಾ ಅದಕ್ಕೂ ಮೀರಿದ ಜನಸಂಖ್ಯೆಯ ಪಪುವಾ ನ್ಯೂಗಿನಿಯನ್ನೂ ಒಂದೇ ಸಭೆಯಲ್ಲಿ ಕೂರಿಸಬೇಕಾದಾಗ ತಲೆ ಎಣಿಸಿ ಮತ ಹಾಕುವ ಕ್ರಮ ನಡೆಯುವುದಿಲ್ಲ. ನಿಮ್ಮ ಒಕ್ಕೂಟದಲ್ಲೂ ಇನ್ನೂರು ಸದಸ್ಯರ ಸಂಘಕ್ಕೂ ಹದಿನೈದು ಜನರ ಸಂಘಕ್ಕೂ ಒಂದೊಂದೇ ಮತವೆಂದು ಮೊದಲ ದಿನವೇ ನಿರ್ಧರಿಸಿಕೊಳ್ಳುವುದು ಕ್ಷೇಮ. ದೊಡ್ಡ ಸಂಘದವರು ಮುನಿಸಿಕೊಳ್ಳಬಹುದು. ಚಿಕ್ಕ ಸಂಘದವರಾದರೋ ಮುನಿಸನ್ನೂ ತೋರಿಸದೆ ಸಭೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಎರಡರಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಈ ಎರಡನೆಯದು.

ಪ್ರಶ್ನೆ: ಒಕ್ಕೂಟವೆಂದರೆ ಕೊನೆಗೆ ಅಧ್ಯಕ್ಷಗಿರಿ ದೊಡ್ಡ ಊರಿನವರ ಪಾಲಾಗುತ್ತದೆ. ದ್ವೀಪಗಳಲ್ಲಿ ಹೀಗಾಗಲಿಲ್ಲವೇ? ಸರದಿಯಂತೆ ಅಧಿಕಾರ ಹಂಚುವುದು ಸರಿಯೇ, ಅಥವಾ ಅರ್ಹತೆಯೊಂದನ್ನೇ ನೋಡಬೇಕೇ?
— ನಿವೃತ್ತ ಶಿಕ್ಷಕರು, ಕೊಪ್ಪ

ಉತ್ತರ: ಆಗಿದೆ, ಅದೂ ಬಹಿರಂಗವಾಗಿ. ನಾನು ಕೊಡಲಿರುವ ಉದಾಹರಣೆ ಸ್ವಯಂಸೇವಾ ಸಂಸ್ಥೆಗಳದ್ದಲ್ಲ, ಅದೇ ಪ್ರದೇಶದ ಸರ್ಕಾರಗಳ ಒಕ್ಕೂಟವಾದ ಪೆಸಿಫಿಕ್ ದ್ವೀಪಗಳ ವೇದಿಕೆಯದ್ದು. 1971ರಲ್ಲಿ ಆರಂಭವಾದ ಈ ವೇದಿಕೆಯಲ್ಲಿ 18 ಸದಸ್ಯರಿದ್ದಾರೆ. ಇದರ ಕಾರ್ಯಾಲಯವೂ ಸುವಾದಲ್ಲೇ ಇದೆ. ಪ್ರಧಾನ ಕಾರ್ಯದರ್ಶಿ ಸ್ಥಾನ ಮೆಲನೇಷ್ಯ, ಪಾಲಿನೇಷ್ಯ, ಮೈಕ್ರೊನೇಷ್ಯ ಎಂಬ ಮೂರು ಭಾಗಗಳಿಗೆ ಸರದಿಯಂತೆ ಹೋಗಬೇಕೆಂಬ ಒಪ್ಪಂದವಿದೆಯೆಂದು ಮೈಕ್ರೊನೇಷ್ಯದ ಐದು ದೇಶಗಳು ನಂಬಿದ್ದವು. ಆದರೆ ಅದು ಬಾಯಿಮಾತಿನ ಒಪ್ಪಂದವಾಗಿತ್ತು. 2021ರ ಫೆಬ್ರುವರಿಯಲ್ಲಿ ಮತಕ್ಕೆ ಹಾಕಿದಾಗ ಮೈಕ್ರೊನೇಷ್ಯಕ್ಕೆ ಸೇರಿದ ಮಾರ್ಷಲ್ ದ್ವೀಪಗಳ ಜೆರಾಲ್ಡ್ ಜಕಿಯೋಸ್ ಅವರಿಗೆ ಎಂಟು ಮತಗಳು ಬಂದವು, ಪಾಲಿನೇಷ್ಯಕ್ಕೆ ಸೇರಿದ ಕುಕ್ ದ್ವೀಪಗಳ ಹೆನ್ರಿ ಪೂನಾ ಅವರಿಗೆ ಒಂಬತ್ತು. ತಮ್ಮ ಸರದಿ ತಪ್ಪಿತೆಂದು ನೊಂದ ಆ ಐದೂ ದೇಶಗಳು ವೇದಿಕೆಯನ್ನೇ ಬಿಡುವುದಾಗಿ ಘೋಷಿಸಿದವು.

ಬಿರುಕು ಮುಚ್ಚಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 2022ರ ಜೂನ್‌ನಲ್ಲಿ ಆದ ಸುವಾ ಒಪ್ಪಂದದಲ್ಲಿ ಸರದಿಯ ನಿಯಮ ಬರಹಕ್ಕೆ ಇಳಿಯಿತು, ಮುಂದಿನ ಸರದಿ ಮೈಕ್ರೊನೇಷ್ಯದ್ದೆಂದು ಖಚಿತವಾಯಿತು. ಅಷ್ಟಕ್ಕೇ ನಿಲ್ಲದೆ ಎಲ್ಲ ಕಚೇರಿಗಳೂ ಸುವಾದಲ್ಲೇ ಏಕಿರಬೇಕೆಂಬ ಬಹುಕಾಲದ ಕೊರಗಿಗೂ ಅಲ್ಲಿ ಪರಿಹಾರ ಹುಡುಕಲಾಯಿತು. ವೇದಿಕೆಯ ಸಾಗರ ಆಯುಕ್ತರ ಕಚೇರಿಯನ್ನೂ ಒಂದು ಉಪಕಚೇರಿಯನ್ನೂ ಮೈಕ್ರೊನೇಷ್ಯಕ್ಕೆ ಕೊಡುವ ತೀರ್ಮಾನವಾಯಿತು. ಆದರೂ ಆ ಐದು ದೇಶಗಳಲ್ಲೊಂದಾದ ಕಿರಿಬಾಟಿ ಅದೇ ಜುಲೈನಲ್ಲಿ ಹೊರನಡೆದು 2023ರಲ್ಲಿ ಮರಳಿತು. 2024ರಲ್ಲಿ ಮೈಕ್ರೊನೇಷ್ಯದ ನೌರು ದೇಶದ ಮಾಜಿ ಅಧ್ಯಕ್ಷ ಬ್ಯಾರನ್ ವಾಕಾ ಪ್ರಧಾನ ಕಾರ್ಯದರ್ಶಿಯಾದರು.

ಸರದಿಯೇ ಅರ್ಹತೆಯೇ ಎಂದು ಕೇಳಿದ್ದೀರಿ. ಅಧ್ಯಕ್ಷ ಸ್ಥಾನಕ್ಕೆ ಸರದಿ, ಸಂಬಳ ಪಡೆದು ದುಡಿಯುವ ಸಂಯೋಜಕರ ಹುದ್ದೆಗೆ ಅರ್ಹತೆ ಎಂಬುದು ನನ್ನ ಅಭಿಪ್ರಾಯ. ಈ ಎರಡು ಹುದ್ದೆಗಳನ್ನು ಒಬ್ಬರಿಗೇ ಕೊಟ್ಟ ಸಂಘಗಳು ನಮ್ಮ ಮಲೆನಾಡಿನಲ್ಲಿ ಬೇಕಾದಷ್ಟಿವೆ. ಅಲ್ಲಿ ಲೆಕ್ಕ ಕೇಳುವವರೂ ಲೆಕ್ಕ ಕೊಡುವವರೂ ಒಬ್ಬರೇ ಆಗಿಬಿಡುತ್ತಾರೆ. ಸರದಿಯನ್ನು ಹಿರಿಯರ ಸಮ್ಮುಖದ ಮಾತಿಗೆ ಬಿಡದೆ ಬೈಲಾದಲ್ಲಿ ಬರೆಯಿರಿ. ಮಾದರಿಗೆ ಒಂದು ಕಲಮು ಕೊಡುತ್ತೇನೆ: ‘ಒಕ್ಕೂಟದ ಅಧ್ಯಕ್ಷ ಸ್ಥಾನವು ಹೋಬಳಿವಾರು ಸರದಿಯಲ್ಲಿ ಇರತಕ್ಕದ್ದು, ಸರದಿ ಇರುವ ಹೋಬಳಿಯ ಸದಸ್ಯ ಸಂಘಗಳೇ ತಮ್ಮ ಅಭ್ಯರ್ಥಿಯನ್ನು ಸೂಚಿಸತಕ್ಕದ್ದು, ಆ ಹೋಬಳಿಯವರು ಲಿಖಿತವಾಗಿ ಬಿಟ್ಟುಕೊಟ್ಟ ಹೊರತು ಸರದಿಯನ್ನು ಬೇರೆ ಹೋಬಳಿಗೆ ವರ್ಗಾಯಿಸತಕ್ಕದ್ದಲ್ಲ.’ ಕೊನೆಯ ಭಾಗವನ್ನು ಬಿಡಬೇಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿಸಿದ ಸಂಘವಾದರೆ ತಿದ್ದುಪಡಿಯನ್ನು ಸರ್ವಸದಸ್ಯರ ಸಭೆಯಲ್ಲಿ ಅಂಗೀಕರಿಸಿ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕಾಗುತ್ತದೆ.

ಪ್ರಶ್ನೆ: ನಾನು ಸ್ವಯಂಸೇವಾ ಸಂಸ್ಥೆಯೊಂದರ ಕ್ಷೇತ್ರ ಕಾರ್ಯಕರ್ತೆ. ದಾನಿ ಸಂಸ್ಥೆಯವರು ನಮ್ಮನ್ನು ‘ಪಾಲುದಾರರು’ ಎನ್ನುತ್ತಾರೆ. ಆದರೆ ಯಾವ ಹಳ್ಳಿ, ಯಾವ ಕೆಲಸ, ಎಷ್ಟು ದಿನ ಎಂಬುದೆಲ್ಲ ಅವರಲ್ಲೇ ತೀರ್ಮಾನವಾಗಿ ಬರುತ್ತದೆ. ದ್ವೀಪಗಳವರು ಇದನ್ನು ಹೇಗೆ ಎದುರಿಸಿದ್ದಾರೆ?
— ಓದುಗಿ, ಚಿಕ್ಕಮಗಳೂರು

ಉತ್ತರ: ನಿಮ್ಮ ಪತ್ರದಲ್ಲಿರುವ ನೋವು ಆ ದ್ವೀಪಗಳಲ್ಲಿ ಚಂಡಮಾರುತದಷ್ಟೇ ಪರಿಚಿತ. 2014ರಲ್ಲಿ ಸಮೋವಾದ ಅಪಿಯಾ ನಗರದಲ್ಲಿ ನಡೆದ ಸಣ್ಣ ದ್ವೀಪರಾಷ್ಟ್ರಗಳ ವಿಶ್ವಸಂಸ್ಥೆ ಸಮ್ಮೇಳನದ ಮುಖ್ಯ ವಿಷಯವೇ ನಿಜವಾದ ಮತ್ತು ಬಾಳಿಕೆ ಬರುವ ಪಾಲುದಾರಿಕೆ ಎಂಬುದಾಗಿತ್ತು. ಅದಾಗಿ ಆರು ತಿಂಗಳಿಗೆ, 2015ರ ಮಾರ್ಚ್‌ನಲ್ಲಿ, ‘ಪ್ಯಾಮ್’ ಚಂಡಮಾರುತ ವನುವಾಟುವನ್ನು ಅಪ್ಪಳಿಸಿತು. ಹೊರದೇಶದ ಸಂಸ್ಥೆಗಳು ದಂಡಿಯಾಗಿ ಬಂದಿಳಿದವು. ಊರು ಬಲ್ಲ, ಭಾಷೆ ಬಲ್ಲ, ಯಾವ ದ್ವೀಪಕ್ಕೆ ಯಾವ ದೋಣಿ ಹೋಗುತ್ತದೆಂದು ಬಲ್ಲ ಸ್ಥಳೀಯರು ಸಭೆಗಳ ಹಿಂದಿನ ಸಾಲಿಗೆ ಸರಿದರು. ಯಾರೂ ಕೇಳದೆ ಕಳುಹಿಸಿದ ಸಾಮಾನುಗಳ ಕಂಟೇನರುಗಳು ಪೋರ್ಟ್ ವಿಲಾ ಬಂದರಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದವು. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದ ದಿನಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾರಿ ಮುಚ್ಚಿದಾಗ ಮೊದಲು ತಲುಪುವವರು ಪಕ್ಕದ ಊರಿನವರೇ.

ಪ್ಯಾಮ್ ನಂತರದ ಚರ್ಚೆಯಲ್ಲಿ ಪೆಸಿಫಿಕ್‌ನ ಸಂಘಟನೆಗಳು ಪಟ್ಟು ಹಿಡಿದದ್ದು ನೆರವಿನ ನಿರ್ಧಾರ ಸ್ಥಳೀಯರ ಕೈಯಲ್ಲಿರಬೇಕು ಎಂಬ ವಿಷಯಕ್ಕೆ. 2016ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದೊಡ್ಡ ದಾನಿ ದೇಶಗಳೂ ಸಂಸ್ಥೆಗಳೂ 2020ರ ಹೊತ್ತಿಗೆ ನೆರವಿನ ಹಣದಲ್ಲಿ ಕನಿಷ್ಠ ಶೇಕಡಾ 25ರಷ್ಟನ್ನು ಸಾಧ್ಯವಾದಷ್ಟೂ ನೇರವಾಗಿ ಸ್ಥಳೀಯ ಮತ್ತು ರಾಷ್ಟ್ರೀಯ ಸಂಸ್ಥೆಗಳಿಗೆ ತಲುಪಿಸುವುದಾಗಿ ಒಪ್ಪಿಕೊಂಡವು. ಜಗತ್ತಿನಾದ್ಯಂತ ಲೆಕ್ಕ ಹಾಕಿದಾಗ ಆ ಗುರಿ ಮುಟ್ಟಲಿಲ್ಲ, ನೇರವಾಗಿ ತಲುಪಿದ್ದು ಒಂದಂಕಿಯ ಶೇಕಡಾದಲ್ಲೇ ಉಳಿಯಿತು. ಮಾತು ಕೊಟ್ಟವರು ಕೆಟ್ಟವರೆಂದು ಇದರ ಅರ್ಥವಲ್ಲ. ಹಣದ ದಾರಿ ಬದಲಾಗಬೇಕಾದರೆ ಲೆಕ್ಕಪತ್ರದ ನಿಯಮ, ಅರ್ಜಿ ನಮೂನೆ, ವರದಿಯ ಭಾಷೆ ಎಲ್ಲವೂ ಬದಲಾಗಬೇಕಿತ್ತು. ಅದನ್ನು ಮಾಡುವ ಮನಸ್ಸು ಸಾಕಷ್ಟು ಇರಲಿಲ್ಲ.

ಮನಸ್ಸಿನಿಂದ ಆಗದ ಬದಲಾವಣೆಯನ್ನು ಕೆಲಮಟ್ಟಿಗೆ ಪರಿಸ್ಥಿತಿ ಮಾಡಿಸಿತು. 2020ರ ಏಪ್ರಿಲ್‌ನಲ್ಲಿ ‘ಹೆರಾಲ್ಡ್’ ಚಂಡಮಾರುತ ವನುವಾಟುವಿನ ಉತ್ತರದ ದ್ವೀಪಗಳಿಗೆ ಬಡಿದಾಗ ಕೊರೊನಾ ಕಾರಣದಿಂದ ಗಡಿ ಮುಚ್ಚಿತ್ತು. ಹೊರಗಿನ ನೆರವು ಸಾಮಗ್ರಿ ಬಂದಿತೇ ಹೊರತು ಹೊರಗಿನ ಸಿಬ್ಬಂದಿ ಬರುವಂತಿರಲಿಲ್ಲ. ಮನೆಗಳ ಹಾನಿ ಅಂದಾಜು ಮಾಡುವುದರಿಂದ ಹಿಡಿದು ದೋಣಿಯಲ್ಲಿ ತಾಡಪಾಲು, ಅಕ್ಕಿ ಸಾಗಿಸುವ ತನಕ ಆ ದೇಶದವರೇ ಮುಂದೆ ನಿಂತರು. ಅವರಿಗೆ ಸಾಮರ್ಥ್ಯವಿಲ್ಲ ಎನ್ನುತ್ತಿದ್ದ ಹಳೆಯ ವಾದಕ್ಕೆ ಅಂದಿನಿಂದ ಬಲ ಉಳಿದಿಲ್ಲ.

ಇನ್ನು ನಿಮ್ಮ ಸಂಸ್ಥೆಯ ವಿಷಯ. ಒಡಂಬಡಿಕೆಗೆ ಸಹಿ ಹಾಕುವ ಮೊದಲು ಅದರಲ್ಲಿ ಮೂರು ಸಂಗತಿಗಳನ್ನು ಹುಡುಕಿ. ಹಳ್ಳಿಗಳ ಆಯ್ಕೆ ಯಾರದ್ದು ಎಂದು ಬರೆದಿದೆಯೇ? ಕಚೇರಿ ಬಾಡಿಗೆ, ಲೆಕ್ಕಿಗರ ಸಂಬಳ, ನಿಮ್ಮ ಬಸ್ ಚಾರ್ಜಿನಂಥ ಆಡಳಿತ ವೆಚ್ಚಕ್ಕೆ ಪಾಲು ಇಟ್ಟಿದ್ದಾರೆಯೇ? ಕೆಲಸ ಸರಿಹೋಗದಿದ್ದರೆ ಒಡಂಬಡಿಕೆಯಿಂದ ಹೊರಬರುವ ಹಕ್ಕು ಇಬ್ಬರಿಗೂ ಇದೆಯೇ, ಅಥವಾ ಅವರಿಗೆ ಮಾತ್ರವೇ? ಮೂರನೆಯದನ್ನು ಬಹಳ ಜನ ಓದುವುದೇ ಇಲ್ಲ. ಹೊರಬರುವ ಹಕ್ಕು ಒಬ್ಬರಿಗಷ್ಟೇ ಇರುವ ಕಾಗದವನ್ನು ಗುತ್ತಿಗೆ ಎನ್ನಬಹುದು, ಪಾಲುದಾರಿಕೆ ಎನ್ನಲಾಗದು. ಇದನ್ನು ನೀವೊಬ್ಬರೇ ಕೇಳಿದರೆ ಕೆಲಸ ಕಳೆದುಕೊಳ್ಳುವ ಭಯವಿರುವುದು ಸಹಜ. ಒಂದೇ ದಾನಿ ಸಂಸ್ಥೆಯ ಜೊತೆ ಕೆಲಸ ಮಾಡುವ ಜಿಲ್ಲೆಯ ನಾಲ್ಕಾರು ಸಂಸ್ಥೆಗಳು ಕೂಡಿ ಒಂದೇ ಪತ್ರದಲ್ಲಿ ಕೇಳಿದರೆ ಆ ಭಯ ಕಡಿಮೆಯಾಗುತ್ತದೆ. ಪೆಸಿಫಿಕ್‌ನಲ್ಲಿ ಪ್ರಾದೇಶಿಕ ಒಕ್ಕೂಟದ ಅತಿ ದೊಡ್ಡ ಉಪಯೋಗ ಇದೇ ಎಂದು ನಾನು ತಿಳಿದಿದ್ದೇನೆ. ಟುವಾಲುವಿನ ಮಂಡಳಿಯೊಂದೇ ಹೇಳಿದರೆ ಕೇಳಿಸದ ಮಾತು, ಇಪ್ಪತ್ತು ದೇಶಗಳ ಪರವಾಗಿ ಹೇಳಿದಾಗ ಕೇಳಿಸುತ್ತದೆ.

ಪ್ರಶ್ನೆ: ನಮ್ಮ ಒಕ್ಕೂಟದ ಹೆಸರಿನಲ್ಲಿ ವಿದೇಶಿ ದೇಣಿಗೆ ಪಡೆದು ಸದಸ್ಯ ಸಂಘಗಳಿಗೆ ಹಂಚಬಹುದೇ?
— ಖಜಾಂಚಿ, ಹಾಸನ

ಉತ್ತರ: ಹಂಚುವಂತಿಲ್ಲ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ಪ್ರಕಾರ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಲಾಗಿದೆ, ಆ ಸಂಸ್ಥೆಗೂ ನೋಂದಣಿ ಇದ್ದರೂ ಅಷ್ಟೇ. ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಲಾಗಿದೆ. ಹಣ ಮೊದಲು ಬರಬೇಕಾದದ್ದು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಹೊಸದಾಗಿ ನೋಂದಣಿ ಬಯಸುವ ಸಂಸ್ಥೆ ಕನಿಷ್ಠ ಮೂರು ವರ್ಷ ಹಳೆಯದಾಗಿರಬೇಕು, ಆ ಅವಧಿಯಲ್ಲಿ ತನ್ನ ಮುಖ್ಯ ಕಾರ್ಯಗಳಿಗೆ 15 ಲಕ್ಷ ರೂಪಾಯಿ ವೆಚ್ಚ ಮಾಡಿರಬೇಕು. ದ್ವೀಪಗಳ ಒಕ್ಕೂಟದ ಮಾದರಿಯನ್ನು ಈ ಒಂದು ವಿಷಯದಲ್ಲಿ ನಕಲು ಮಾಡಲು ಹೋಗದೆ, ಸದಸ್ಯರ ವಂತಿಗೆ ಮತ್ತು ದೇಶದೊಳಗಿನ ದೇಣಿಗೆಯ ಮೇಲೆ ಒಕ್ಕೂಟವನ್ನು ನಿಲ್ಲಿಸಿರಿ. ಹೆಜ್ಜೆ ಇಡುವ ಮೊದಲು ನಿಮ್ಮ ಲೆಕ್ಕಪರಿಶೋಧಕರನ್ನು ಕಾಣಿರಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ಮೊಬೈಲ್ ಸಿಗ್ನಲ್ಲೂ ಇರುವುದಿಲ್ಲ. ಪೇಟೆಯಲ್ಲಿರುವ ಪದಾಧಿಕಾರಿಗಳು ವಾಟ್ಸಾಪಿನಲ್ಲೇ ಠರಾವು ಮಾಡಿ ಮುಗಿಸುತ್ತಾರೆ. ಸಮುದ್ರದ ನಡುವೆ ಇರುವವರು ಸಭೆ ಹೇಗೆ ನಡೆಸುತ್ತಾರೆ?
— ಸಂಘದ ಸದಸ್ಯೆ, ಮೂಡಿಗೆರೆ

ಉತ್ತರ: ಅವರಿಗೆ ಸಿಗ್ನಲ್ ಜೊತೆಗೆ ಪಂಚಾಂಗವೂ ಅಡ್ಡ ಬರುತ್ತದೆ. ದಾಟಿದರೆ ತಾರೀಖೇ ಬದಲಾಗುವ ಅಂತರರಾಷ್ಟ್ರೀಯ ದಿನರೇಖೆ ಆ ಪ್ರದೇಶದ ನಡುವೆಯೇ ಹಾದುಹೋಗಿದೆ. ಸುವಾದಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಯಾದಾಗ ಕುಕ್ ದ್ವೀಪಗಳ ರಾರೊಟೊಂಗಾದಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದು, ಜನರೆಲ್ಲ ಚರ್ಚಿನ ಕಡೆ ಮುಖ ಮಾಡಿರುವ ಸಮಯ. ಅಲ್ಲಿ ಶುಕ್ರವಾರವೆಂದರೆ ಸುವಾದಲ್ಲಿ ಶನಿವಾರದ ರಜೆ. ಹೀಗಾಗಿ ಇಬ್ಬರಿಗೂ ಕೆಲಸದ ದಿನವಾಗಿರುವುದು ವಾರದಲ್ಲಿ ನಾಲ್ಕೇ. ಸಮೋವಾ 2011ರ ಕೊನೆಯಲ್ಲಿ ಡಿಸೆಂಬರ್ 30ನ್ನೇ ಬಿಟ್ಟು ರೇಖೆಯ ಈಚೆಗೆ, ಸುವಾ ಇರುವ ಬದಿಗೆ ಬಂದಿತು, ನೆರೆಯ ಅಮೆರಿಕನ್ ಸಮೋವಾ ಆಚೆಗೇ ಉಳಿಯಿತು. ಈಗ ಎರಡೂ ಕಡೆ ಗಡಿಯಾರದ ಮುಳ್ಳು ಒಂದೇ ಗಂಟೆ ತೋರಿಸಿದರೂ ತಾರೀಖು ಬೇರೆ. ಸಭೆಯ ನೋಟಿಸಿನಲ್ಲಿ ‘ನಾಳೆ’ ಎಂದಷ್ಟೇ ಬರೆದರೆ ಸಾಲದು, ಪ್ರತಿ ಊರಿನ ವಾರ, ತಾರೀಖು, ಗಂಟೆಗಳನ್ನು ಬೇರೆ ಬೇರೆ ಬರೆಯಬೇಕು.

2022ರ ಜನವರಿ 15ರಂದು ಟೋಂಗಾದ ಬಳಿ ಸಮುದ್ರದೊಳಗಿನ ಜ್ವಾಲಾಮುಖಿ ಸ್ಫೋಟಿಸಿದಾಗ ಫಿಜಿಗೆ ಇಂಟರ್ನೆಟ್ ಸಂಪರ್ಕ ಕಲ್ಪಿಸುವ ಕೇಬಲ್ ತುಂಡಾಯಿತು. ಟೋಂಗಾದ ಮುಖ್ಯ ದ್ವೀಪಕ್ಕೇ ಆ ಸಂಪರ್ಕ ಮತ್ತೆ ದಕ್ಕಲು ಸುಮಾರು ಐದು ವಾರ ಬೇಕಾಯಿತು. ಕೇಂದ್ರದ ಅನುಮತಿಗಾಗಿ ಕಾದು ಕೂರುವ ವ್ಯವಸ್ಥೆಯಲ್ಲಿ ಅಂಥ ಹೊತ್ತಿನಲ್ಲಿ ಯಾವ ಕೆಲಸವೂ ಸಾಗದು. ಆದ್ದರಿಂದ ತುರ್ತು ಸಂದರ್ಭದಲ್ಲಿ ಸದಸ್ಯ ಸಂಘ ತಾನೇ ನಿರ್ಧರಿಸಿ ಎಷ್ಟು ಮೊತ್ತದವರೆಗೆ ಖರ್ಚು ಮಾಡಬಹುದೆಂಬುದನ್ನು ಮಳೆಗಾಲಕ್ಕೆ ಮೊದಲೇ ಠರಾವು ಮಾಡಿಸಿಕೊಳ್ಳಿ. ಜೊತೆಗೆ ಉತ್ತರ ಬಾರದಿದ್ದುದನ್ನು ಒಪ್ಪಿಗೆ ಎಂದು ನಡಾವಳಿ ಪುಸ್ತಕದಲ್ಲಿ ದಾಖಲಿಸಬಾರದು ಎಂಬ ನಿಯಮವನ್ನೂ ಹಾಕಿಸಿ. ವಾಟ್ಸಾಪಿನಲ್ಲಿ ನೀವು ಸುಮ್ಮನಿದ್ದದ್ದಕ್ಕೆ ಸಿಗ್ನಲ್ ಇಲ್ಲದಿದ್ದುದೇ ಕಾರಣವೆಂಬುದು ಪೇಟೆಯವರಿಗೆ ತಿಳಿಯದಿದ್ದರೆ ಅದನ್ನು ತಿಳಿಸುವ ಹಕ್ಕು ನಿಮ್ಮದು.

ಪ್ರಶ್ನೆ: ಸಂಘಗಳಲ್ಲಿ ಯುವಕರಿಗೆ ಕುರ್ಚಿ ಜೋಡಿಸುವ ಕೆಲಸ ಮಾತ್ರ ಸಿಗುತ್ತದೆ. ಆ ದ್ವೀಪಗಳಲ್ಲಾದರೂ ಯುವಜನರಿಗೆ ಮುಂದಾಳುತನ ಸಿಕ್ಕಿದೆಯೇ?
— ಪದವಿ ವಿದ್ಯಾರ್ಥಿ, ಶೃಂಗೇರಿ

ಉತ್ತರ: ಸಿಕ್ಕಿದೆ, ಆದರೆ ಯಾರೂ ಕರೆದು ಕೊಟ್ಟದ್ದಲ್ಲ. ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯ 12 ದೇಶಗಳು ಜಂಟಿಯಾಗಿ ನಡೆಸುವ ಸಂಸ್ಥೆ. ಅದರ ವನುವಾಟು ಕ್ಯಾಂಪಸ್‌ನಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು 2019ರಲ್ಲಿ ಒಂದು ಸಂಘಟನೆ ಕಟ್ಟಿದರು. ಹವಾಮಾನ ಬದಲಾವಣೆಯ ವಿಷಯದಲ್ಲಿ ದೇಶಗಳ ಕಾನೂನುಬದ್ಧ ಹೊಣೆ ಏನು ಎಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಬೇಕೆಂಬುದು ಅವರ ಬೇಡಿಕೆಯಾಗಿತ್ತು. ವಿದ್ಯಾರ್ಥಿಗಳಿಗೆ ಆ ನ್ಯಾಯಾಲಯದ ಬಾಗಿಲು ತಟ್ಟುವ ಅಧಿಕಾರವಿಲ್ಲವಾದ್ದರಿಂದ ಅವರು ಪೆಸಿಫಿಕ್ ಸರ್ಕಾರಗಳಿಗೆ ಪತ್ರ ಬರೆದರು. ವನುವಾಟು ಸರ್ಕಾರ ಒಪ್ಪಿ ಮುಂದೆ ಬಂದಿತು. ನಾಗರಿಕ ಸಂಘಟನೆಗಳು ಜೊತೆಗೂಡಿದವು, ಬೇರೆ ಖಂಡಗಳ ಯುವಜನರೂ ಕೈಜೋಡಿಸಿದರು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ನಿರ್ಣಯ ಅವಿರೋಧವಾಗಿ ಅಂಗೀಕಾರವಾದಾಗ 132 ದೇಶಗಳು ಅದರ ಸಹಪ್ರಾಯೋಜಕರಾಗಿದ್ದವು. ಹವಾಮಾನ ವ್ಯವಸ್ಥೆಯನ್ನು ಹಾನಿಯಿಂದ ಕಾಪಾಡುವುದು ದೇಶಗಳ ಕಾನೂನಾತ್ಮಕ ಕರ್ತವ್ಯವೆಂದು 2025ರ ಜುಲೈ 23ರಂದು ನ್ಯಾಯಾಲಯ ಸರ್ವಾನುಮತದ ಸಲಹಾ ಅಭಿಪ್ರಾಯ ನೀಡಿತು.

ಇದರಲ್ಲಿ ನಾನು ಬಹಳವಾಗಿ ಮೆಚ್ಚುವುದು ಅವರು ಪಾಲುದಾರರನ್ನು ಆರಿಸಿಕೊಂಡ ಕ್ರಮವನ್ನು. ಬೇಡಿಕೆ ಏನೆಂದು ಮೊದಲು ತಾವೇ ಸ್ಪಷ್ಟಪಡಿಸಿಕೊಂಡು, ತಮ್ಮಿಂದ ಆಗದ ಕೆಲಸ ಯಾವುದೆಂದು ಗುರುತಿಸಿ, ಅದನ್ನು ಮಾಡಬಲ್ಲವರ ಬಳಿಗೆ ಹೋದರು. ನಿಮ್ಮ ಊರಿನ ಸಂಘದಲ್ಲಿ ಕುರ್ಚಿ ಜೋಡಿಸುವುದರ ಜೊತೆಗೆ ಒಂದು ಬೇಡಿಕೆಯನ್ನು ನೀವೇ ಬರೆದು ತನ್ನಿರಿ. ತುಂಗಾ ದಡದ ಕಸವೋ, ಶಾಲೆಯ ಮಕ್ಕಳ ಬಸ್ಸೋ, ಯಾವುದಾದರೂ ಆಗಲಿ. ಯಾವ ಕಚೇರಿ, ಯಾವ ಅಧಿಕಾರಿ, ಎಷ್ಟು ವೆಚ್ಚ ಎಂಬ ವಿವರವೂ ಅದರಲ್ಲಿರಲಿ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಅದನ್ನು ಸೇರಿಸುವಂತೆ ಕಾರ್ಯದರ್ಶಿಗಳಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸೇರಿಸಲು ಒಪ್ಪದಿದ್ದರೆ ನಮಗೆ ಇನ್ನೊಮ್ಮೆ ಬರೆಯಿರಿ.